ಕೆಂಡದ ಗುಂಡಿಯಲ್ಲಿ ಮಾಂಸ: ಮೂಳೆ ಹತ್ತಿರ ಹಸಿ ಉಳಿಯುತ್ತಿದ್ದರೆ

ಯೆಮನ್ ಕಡೆಯ ‘ಮಂದಿ’ ಎಂಬ ಮಾಂಸ-ಅನ್ನದ ಅಡುಗೆಯನ್ನು ಹಿತ್ತಲಲ್ಲೇ ಗುಂಡಿ ತೋಡಿ ಮಾಡುವಾಗ ನನಗೆ ಬಂದ ತೊಂದರೆ ಇದು. ಮಾಂಸದ ಕೆಳಭಾಗ ಕರಕಲು, ತೊಡೆಯ ಮೂಳೆ ಹತ್ತಿರ ಮಾತ್ರ ಕೆಂಪು ನೀರು. ನಮ್ಮದು ಕರಾವಳಿ, ಮಣ್ಣಲ್ಲಿ ಸದಾ ತೇವ.

ಕೆಂಡ ಜಾಸ್ತಿ ಹಾಕಿದೆ, ತಳ ಇನ್ನಷ್ಟು ಸುಟ್ಟಿತು. ಗಾಳಿಗೆಂದು ಮುಚ್ಚಳದಲ್ಲಿ ಸಂದು ಬಿಟ್ಟೆ, ತೊಟ್ಟಿಕ್ಕಿದ ಕೊಬ್ಬಿಗೆ ಬೆಂಕಿ ಹತ್ತಿತು. ಬಾಳೆ ಎಲೆ ಸುತ್ತಿದ್ದರಿಂದ ಪರಿಮಳ ಬಂತು, ಅಷ್ಟೇ.

ಬೇಯಿಸುವುದು ಕೆಂಡಕ್ಕಿಂತ ಹೆಚ್ಚಾಗಿ ಕಾದ ಗೋಡೆ. ಹಸಿ ಮಣ್ಣು ಶಾಖವನ್ನೆಲ್ಲ ಕುಡಿದುಬಿಡುತ್ತದೆ. ಆದ್ದರಿಂದ ಎರಡೂವರೆ ಅಡಿ ಆಳ, ಎರಡಡಿ ಅಗಲದ ಗುಂಡಿಗೆ ತಳಕ್ಕೂ ಸುತ್ತಲೂ ಒಣಗಿದ ಸುಟ್ಟ ಇಟ್ಟಿಗೆ ಜೋಡಿಸಿದೆ. ಹೊಳೆಕಲ್ಲು ಬೇಡವೇ ಬೇಡ. ಒಳಗೆ ನೀರಿದ್ದರೆ ಸಿಡಿಯುತ್ತದೆ. ಹಿಂದಿನ ದಿನ ಒಂದು ಗಂಟೆ ಬೆಂಕಿ ಹಾಕಿ ತೇವ ಓಡಿಸಬೇಕು. ಮಾರನೇ ದಿನ ಹುಣಸೆ ಕಟ್ಟಿಗೆಯನ್ನು ಎರಡು ಗಂಟೆ ಉರಿಸಿ. ಜ್ವಾಲೆ, ಹೊಗೆ ಪೂರ್ತಿ ನಿಂತು ಅರ್ಧ ಅಡಿಯಷ್ಟು ಕೆಂಡ ಉಳಿದಾಗ ಅಕ್ಕಿ-ನೀರಿನ ಪಾತ್ರೆ ಇಳಿಸಿ, ಅದರ ಮೇಲೆ ಜಾಲರಿ, ಜಾಲರಿ ಮೇಲೆ ಮಾಂಸ. ಮಾಂಸ ಫ್ರಿಜ್ಜಿನಿಂದ ನೇರ ಬೇಡ, ಮುಕ್ಕಾಲು ಗಂಟೆ ಮೊದಲೇ ತೆಗೆದಿಡಿ.

ಕಬ್ಬಿಣದ ಮುಚ್ಚಳ, ಅದರಂಚಿಗೆ ಕಲಸಿದ ಮಣ್ಣು. ಎಲ್ಲಾದರೂ ಹೊಗೆಯ ಎಳೆ ಕಂಡರೆ ಅಲ್ಲೇ ಇನ್ನೊಂದು ಹಿಡಿ ಮೆತ್ತಿ. ಗಾಳಿ ಸಿಗದೆ ಕೆಂಡ ಮಂಕಾಗುತ್ತದೆ, ಇಟ್ಟಿಗೆ ಕೆಲಸ ಮಾಡುತ್ತದೆ. ಎರಡು ಕಿಲೋ ಕುರಿ ತೊಡೆಗೆ ಮೂರು ಗಂಟೆ, ನಡುವೆ ತೆರೆಯಲೇಬಾರದು. ತೆಗೆದಾಗ ಮೂಳೆ ಪಕ್ಕದ ಥರ್ಮಾಮೀಟರ್ 90 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಶೆಡ್ಡಿನೊಳಗೆ ಮಾತ್ರ ಇದನ್ನು ಮಾಡಬೇಡಿ, ಕೆಂಡದ ವಿಷಾನಿಲಕ್ಕೆ ವಾಸನೆಯೇ ಇರುವುದಿಲ್ಲ.