ಹಳೆ ಲೇತ್‌ನ ಬುಲ್ ಗೇರ್‌ಗೆ ಮೂರು ಹೊಸ ಹಲ್ಲು

ನನ್ನ ಹಳೆ ಬೆಲ್ಟ್ ಲೇತ್ (ಲೋಹ ತಿರುಗಿಸಿ ಕಡೆಯುವ ಯಂತ್ರ) ಕೈಗೆ ಬಂದಾಗಲೇ ಬುಲ್ ಗೇರ್‌ನಲ್ಲಿ, ಅಂದರೆ ಸ್ಪಿಂಡಲ್ ಎಂಬ ತಿರುಗುವ ದಂಡದ ಮೇಲಿನ ದೊಡ್ಡ ಗೇರ್‌ನಲ್ಲಿ, ಅಕ್ಕಪಕ್ಕದ ಎರಡು ಹಲ್ಲು ಇರಲಿಲ್ಲ. ಹೇಗೆ ಹೋದವು ಅಂತ ಊಹಿಸುವುದು ಕಷ್ಟವಲ್ಲ. ಸ್ಪಿಂಡಲ್ ಥ್ರೆಡ್‌ಗೆ ಚಕ್ (ಕೆಲಸದ ತುಂಡು ಹಿಡಿಯುವ ಭಾಗ) ಬಿಗಿದು ಕೂತಾಗ, ಬ್ಯಾಕ್ ಗೇರ್ (ವೇಗ ತಗ್ಗಿಸುವ ಗೇರ್‌ಗಳು) ಹಾಕಿ, ಬುಲ್ ಗೇರನ್ನು ಪುಲ್ಲಿಗೆ ಕಟ್ಟುವ ಪಿನ್ನನ್ನೂ ಸೇರಿಸಿ ಸ್ಪಿಂಡಲ್ ಲಾಕ್ ಮಾಡುತ್ತಾರೆ. ಆಮೇಲೆ ಚಕ್ ಕೀಗೆ ಸುತ್ತಿಗೆ ಏಟು. ಆ ಏಟೆಲ್ಲ ಒಂದೆರಡು ಹಲ್ಲಿನ ಮೇಲೇ ಬೀಳುತ್ತದೆ. ಬೀಡು ಕಬ್ಬಿಣ ಬಾಗುವುದಿಲ್ಲ, ಸೀದಾ ಮುರಿಯುತ್ತದೆ.

ಹೊಸ ಗೇರ್ ತರಬಹುದಿತ್ತಲ್ವಾ ಅಂತ ಕೇಳಬಹುದು. ಅಳತೆ ನೋಡಿ: 64 ಹಲ್ಲು, ಹೊರ ವ್ಯಾಸ 167.6 ಮಿ.ಮೀ., ಅಂದರೆ 6.6 ಇಂಚು. ಹಲ್ಲಿನ ಲೆಕ್ಕಕ್ಕೆ 2 ಸೇರಿಸಿ 6.6ರಿಂದ ಭಾಗಿಸಿದರೆ 10 ಡಿಪಿ (ಡಯಾಮೀಟ್ರಲ್ ಪಿಚ್, ಹಲ್ಲಿನ ಗಾತ್ರದ ಇಂಚು ಲೆಕ್ಕ). ಹತ್ತಿರದ ಮೆಟ್ರಿಕ್ ಅಳತೆ 2.5 ಮಾಡ್ಯೂಲ್. ಅದರಲ್ಲಿ ಇದೇ 64 ಹಲ್ಲಿಗೆ ವ್ಯಾಸ 165 ಮಿ.ಮೀ. ಬರುತ್ತದೆ, ಕೂರುವುದಿಲ್ಲ. ಮೇಲಾಗಿ ಹಳೆ ಗೇರ್‌ಗಳ ಪ್ರೆಶರ್ ಆಂಗಲ್ (ಹಲ್ಲುಗಳು ಒಂದನ್ನೊಂದು ಒತ್ತುವ ಓರೆ) ಸಾಮಾನ್ಯವಾಗಿ 14.5 ಡಿಗ್ರಿ, ಈಗಿನವು 20. ವೆಲ್ಡಿಂಗ್ ನನಗೆ ಬೇಡವಾಗಿತ್ತು. ಒಂದೇ ಕಡೆ ಕಾಯಿಸಿದರೆ ಸ್ಪಿಂಡಲ್ ಮೇಲೆ ಕೂರುವ ತೂತು ಕೋರೆಯಾಗುವ ಭಯ. ವೆಲ್ಡ್ ಪಕ್ಕದ ಬೀಡು ಗಟ್ಟಿಯಾಗಿಬಿಟ್ಟರೆ ಅರವೂ ಕಚ್ಚುವುದಿಲ್ಲ.

ಹಾಗಾಗಿ ಬೆಂಕಿ ಇಲ್ಲದ ದಾರಿ ಹಿಡಿದೆ: ಡವ್‌ಟೇಲ್ ಗಾಡಿ (ಬಾಯಿ ಕಿರಿದು, ತಳ ಅಗಲ ಇರುವ ತೋಡು) ಕೊರೆದು ಹೊಸ ತುಂಡು ಕೂರಿಸುವುದು. ಮೊದಲು ಗೇರ್ ತೊಳೆದು, ಮುರಿದ ಜಾಗದ ಸುತ್ತ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಸ್ವಲ್ಪ ಹೊತ್ತಿಗೆ ಮೂರನೇ ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಎದ್ದಿತು. ಬಿರುಕಿನೊಳಗಿದ್ದ ಎಣ್ಣೆ ಸುಣ್ಣಕ್ಕೆ ಹತ್ತಿತ್ತು. ಆ ಹಲ್ಲನ್ನೂ ಕತ್ತರಿಸಿಬಿಟ್ಟೆ.

ಹಲ್ಲಿನ ಬುಡದ ಕೆಳಗೆ ರಿಮ್ ದಪ್ಪ ಇದ್ದಿದ್ದು ಪುಣ್ಯ. ತೆಳು ರಿಮ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಗಾಡಿಯನ್ನು ಹ್ಯಾಕ್ಸಾದಿಂದ ಸೀಳಿ, ಮೂಲೆಗಳನ್ನು ತ್ರಿಕೋನ ಅರದಿಂದ ತೀಡಿದೆ. ಅರದ ಒಂದು ಮುಖವನ್ನು ಮೊದಲೇ ಗ್ರೈಂಡ್ ಮಾಡಿ ನುಣ್ಣಗಾಗಿಸಿದ್ದೆ. ಇಲ್ಲದಿದ್ದರೆ ತಳ ತೀಡುವಾಗ ಗೋಡೆಯೂ ಸವೆಯುತ್ತದೆ. ತುಂಡು ಮೈಲ್ಡ್ ಸ್ಟೀಲ್‌ನದು. ಬೀಡೇ ಬೇಕು ಅನ್ನುವವರಿದ್ದಾರೆ, ಆದರೆ ಮುರಿದ ಜಾಗಕ್ಕೆ ಮತ್ತೆ ಮುರಿಯುವ ಲೋಹ ಯಾಕೆ? ತುಂಡು ಕೈಯಲ್ಲಿ ಒತ್ತಿದರೆ ಅರ್ಧ ಹೋಗಬೇಕು, ಉಳಿದದ್ದು ಮರದ ಸುತ್ತಿಗೆಯ ಸಣ್ಣ ಏಟಿಗೆ. ಅದಕ್ಕಿಂತ ಬಿಗಿಯಾದರೆ ಅದು ಆಪಿನಂತೆ ರಿಮ್ಮನ್ನೇ ಸೀಳುತ್ತದೆ. ರಿಟೇನಿಂಗ್ ಅಂಟು (ಲೋಹದ ಜೋಡಣೆ ಹಿಡಿಯುವ ಅಂಟು) ಹಾಕಿ ಕೂರಿಸಿದೆ. ಆಮೇಲೆ ಎರಡೂ ಜೋಡಣೆ ಗೆರೆಗಳ ಮೇಲೆ, ಅರ್ಧ ಗೇರ್‌ನಲ್ಲಿ ಅರ್ಧ ತುಂಡಿನಲ್ಲಿ ಬರುವಂತೆ ಎಂ4 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಇಳಿಸಿದೆ. ಇಲ್ಲಿ ಡ್ರಿಲ್ ಮೆತ್ತಗಿನ ಲೋಹದ ಕಡೆ ಜಾರುತ್ತದೆ. ಸೆಂಟರ್ ಡ್ರಿಲ್‌ನಿಂದ ಶುರು ಮಾಡಿ ನಿಧಾನಕ್ಕೆ ಹೋಗಬೇಕು.

ಇನ್ನು ಹಲ್ಲು. ಗೇರ್‌ನ ಚೆನ್ನಾಗಿರುವ ಭಾಗದ ಏಳು ಹಲ್ಲಿಗೆ ಸರಿಯಾಗಿ ಕೂರುವಂತೆ ಹಿತ್ತಾಳೆ ತಗಡಿನ ಟೆಂಪ್ಲೇಟ್ ತೀಡಿಕೊಂಡೆ. ದುರಸ್ತಿ ಜಾಗದಲ್ಲಿಟ್ಟರೆ ಎರಡೂ ಬದಿಯ ಎರಡೆರಡು ಹಳೆ ಹಲ್ಲು ಅದನ್ನು ಹಿಡಿದು ನಿಲ್ಲಿಸುತ್ತವೆ, ಮಧ್ಯದ ಮೂರಕ್ಕೆ ಅದೇ ಅಳತೆಗೋಲು. ಸಂದುಗಳನ್ನು ಹ್ಯಾಕ್ಸಾದಿಂದ ತೆಗೆದು, ಸಣ್ಣ ಅರದಿಂದ ತೀಡುತ್ತಾ ಹೋದೆ. ಟೆಂಪ್ಲೇಟ್ ಹಿಂದೆ ಬಲ್ಬ್ ಇಟ್ಟರೆ ಎಲ್ಲಿ ಬೆಳಕು ತೂರುತ್ತದೆ, ಎಲ್ಲಿ ತಗಡು ತಾಗುತ್ತದೆ ಅಂತ ಗೊತ್ತಾಗುತ್ತದೆ. ತಾಗಿದಲ್ಲಿ ಮಾತ್ರ ಅರ. ಬೇಜಾರಿನ ಕೆಲಸ, ಆದರೆ ಅವಸರ ಮಾಡಿ ಜಾಸ್ತಿ ತೆಗೆದರೆ ಮತ್ತೆ ಸೇರಿಸಲು ಬರುವುದಿಲ್ಲ.

ಕೊನೆಗೆ ಗೇರ್ ಜೋಡಿಸಿ, ಹೊಸ ಹಲ್ಲಿಗೆ ಮಾರ್ಕಿಂಗ್ ಬ್ಲೂ (ಎಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ) ಸವರಿ ಕೈಯಲ್ಲೇ ತಿರುಗಿಸಿದೆ. ನಡುವಿನ ಹಲ್ಲಿನ ತುದಿಯಲ್ಲಷ್ಟೇ ನೀಲಿ ಅಳಿಸಿತ್ತು, ಒಂದು ಸುತ್ತಿಗೊಮ್ಮೆ ಟಕ್ ಅನ್ನುತ್ತಿತ್ತು. ತುದಿಯನ್ನು ಅರದಿಂದ ಸುಮ್ನೆ ಒಂದೆರಡು ಸಲ ಸವರಿದ ಮೇಲೆ ಗುರುತು ಹಲ್ಲಿನ ಮಧ್ಯಕ್ಕೆ ಬಂತು, ಸದ್ದೂ ಹೋಯಿತು.

ಈಗ ಚಕ್ ಬಿಚ್ಚಬೇಕಾದರೆ ಬ್ಯಾಕ್ ಗೇರ್ ಮುಟ್ಟುವುದಿಲ್ಲ. ಬೆಡ್ ಮೇಲೆ ಮರದ ತುಂಡಿಟ್ಟು, ಚಕ್‌ನ ಒಂದು ದವಡೆ ಅದಕ್ಕೆ ತಾಗುವಂತೆ ಹೊರಗೆ ತೆಗೆದು, ಬೆಲ್ಟ್ ಹಿಡಿದು ಪುಲ್ಲಿಯನ್ನು ಹಿಂದಕ್ಕೆ ಜಗ್ಗುತ್ತೇನೆ. ಮೋಟಾರ್ ಆಫ್ ಮಾಡಿ, ಪ್ಲಗ್ ಕಿತ್ತಿಟ್ಟು.