ಕಾರ್ವೆಟ್‌ನ ಸ್ಟೀರಿಂಗ್ ಜೋಡಣೆಯನ್ನು ನಾನೇ ಬದಲಿಸಿದ ಅನುಭವ

ನನ್ನ 1972ರ ಷೆವ್ರೊಲೆ ಕಾರ್ವೆಟ್ ಕಾರು ನೇರವಾದ ರಸ್ತೆಯಲ್ಲೂ ನೇರವಾಗಿ ಓಡುತ್ತಿರಲಿಲ್ಲ. ಮಿಶಿಗನ್‌ನ ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ ವೇಗ ದಾಟುತ್ತಿದ್ದಂತೆ ಸ್ಟೀರಿಂಗನ್ನು ಎರಡು ಬೆರಳಗಲದಷ್ಟು ಎಡಕ್ಕೂ ಬಲಕ್ಕೂ ತಿದ್ದುತ್ತಲೇ ಇರಬೇಕಾಗಿತ್ತು. ಅರ್ಧ ಗಂಟೆಯ ಪ್ರಯಾಣ ಮುಗಿಯುವಷ್ಟರಲ್ಲಿ ಭುಜಗಳು ಬಿಗಿದುಕೊಳ್ಳುತ್ತಿದ್ದವು. ಅದಕ್ಕೂ ಮುನ್ನ ಒಂದು ವರ್ಕ್‌ಶಾಪಿನವರು ಹೊರಗಡೆಯ ಎರಡು ಟೈ ರಾಡ್ ಎಂಡ್‌ಗಳನ್ನಷ್ಟೇ (ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲುಗಳು) ಬದಲಿಸಿ, ಅಲೈನ್‌ಮೆಂಟ್ ಮಾಡಿ, ಅಂದರೆ ಚಕ್ರಗಳ ಕೋನ ಹೊಂದಿಸಿ ಕೊಟ್ಟಿದ್ದರು. ಕಾರು ಮಾತ್ರ ಮೊದಲಿನ ಹಾಗೆಯೇ ಅಲೆಯುತ್ತಿತ್ತು. ಸಡಿಲವಿರುವುದು ಎಲ್ಲಿ ಎಂದು ಯಾರೂ ಕೆಳಗೆ ಮಲಗಿ ನೋಡಿಲ್ಲ ಎಂಬುದು ಆಗ ನನಗೆ ಖಚಿತವಾಯಿತು.

ಈ ಕಾರಿನಲ್ಲಿ ಸ್ಟೀರಿಂಗ್ ಬಾಕ್ಸಿನಿಂದ ಇಳಿದು ಬರುವ ಪಿಟ್‌ಮನ್ ಆರ್ಮ್ ಒಂದು ಅಡ್ಡ ಸರಳನ್ನು, ಅಂದರೆ ರಿಲೇ ರಾಡನ್ನು ಎಳೆಯುತ್ತದೆ. ರಿಲೇ ರಾಡಿನ ಇನ್ನೊಂದು ತುದಿಯನ್ನು ಬಲಗಡೆಯ ಚಾಸಿಗೆ ಬಿಗಿದಿರುವ ಐಡ್ಲರ್ ಆರ್ಮ್ ಹೊತ್ತುಕೊಂಡಿರುತ್ತದೆ. ರಿಲೇ ರಾಡಿನಿಂದ ಎರಡೂ ಚಕ್ರಗಳ ಕಡೆಗೆ ಒಂದೊಂದು ಟೈ ರಾಡ್ ಹೊರಡುತ್ತದೆ. ಪವರ್ ಸ್ಟೀರಿಂಗ್ ಇರುವ ಕಾರುಗಳಲ್ಲಿ ಎಣ್ಣೆಯ ಒತ್ತಡ ಬಾಕ್ಸಿನೊಳಗೆ ಕೆಲಸ ಮಾಡುವುದಿಲ್ಲ. ಪಿಟ್‌ಮನ್ ಆರ್ಮಿಗೂ ರಿಲೇ ರಾಡಿಗೂ ನಡುವೆ ಒಂದು ಕಂಟ್ರೋಲ್ ವಾಲ್ವ್ ಕೂತಿರುತ್ತದೆ, ಅದು ಪಕ್ಕದಲ್ಲಿರುವ ಸಿಲಿಂಡರಿಗೆ ಎಣ್ಣೆ ಕಳಿಸಿ ಆ ಸರಳನ್ನೇ ದೂಡಿಸುತ್ತದೆ. 1963ರಿಂದ 1982ರವರೆಗಿನ ಕಾರ್ವೆಟ್‌ಗಳಲ್ಲಿ ಇದೇ ಏರ್ಪಾಡು. ಹೀಗಾಗಿ ಸವೆಯಬಲ್ಲ ಕೀಲುಗಳು ಬಹಳ, ಪ್ರತಿಯೊಂದರ ಕೂದಲೆಳೆಯಷ್ಟು ಸಡಿಲವೂ ಸೇರಿಕೊಂಡು ಕೈಗೆ ಎರಡು ಬೆರಳಗಲವಾಗಿ ಬರುತ್ತದೆ.

ಕಾರನ್ನು ರ್‍ಯಾಂಪಿನ ಮೇಲೆ ಹತ್ತಿಸಿ, ಭಾರವೆಲ್ಲ ಚಕ್ರದ ಮೇಲಿರುವಂತೆಯೇ ಬಿಟ್ಟು, ನನ್ನ ಹೆಂಡತಿಯನ್ನು ಚಾಲಕರ ಸೀಟಿನಲ್ಲಿ ಕೂರಿಸಿ ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಆಡಿಸುವಂತೆ ಕೇಳಿಕೊಂಡೆ. "ರೀ, ಇನ್ನೂ ಎಷ್ಟು ಹೊತ್ತು ಹೀಗೇ ತಿರುಗಿಸಲಿ?" ಎಂದು ಅವಳು ಕೇಳುವ ಹೊತ್ತಿಗೆ ಕಾರಣ ಕಣ್ಣಿಗೆ ಬಿದ್ದಿತ್ತು. ರಿಲೇ ರಾಡಿನ ಬಲತುದಿ ಪಕ್ಕಕ್ಕೆ ಸರಿಯುವ ಮೊದಲು ಮೇಲಕ್ಕೆ ಏಳುತ್ತಿತ್ತು, ಆಮೇಲೆ ಕುಸಿಯುತ್ತಿತ್ತು. ಐಡ್ಲರ್ ಆರ್ಮಿನ ಬುಷ್ಷಿನ, ಅಂದರೆ ಅದು ತಿರುಗುವ ಕೀಲಿನ ಸುತ್ತ ಕಂದು ಬಣ್ಣದ ತುಕ್ಕಿನ ಪುಡಿ ಉದುರಿತ್ತು. ಒಳಗಡೆಯ ಎರಡೂ ಟೈ ರಾಡ್ ಎಂಡ್‌ಗಳ ರಬ್ಬರ್ ಹರಿದು ಗ್ರೀಸ್ ಒಣಗಿತ್ತು. ಕಂಟ್ರೋಲ್ ವಾಲ್ವಿನ ಬಾಲ್ ಸ್ಟಡ್ (ಗುಂಡು ತಲೆಯ ಕೀಲುಮೊಳೆ) ಸಹ ಆಡುತ್ತಿತ್ತು. ಆದರೆ ಎಂಜಿನ್ ನಿಂತಿರುವಾಗ ಅದು ಕೊಂಚ ಆಡುವುದು ವಾಲ್ವಿನ ರಚನೆಯಲ್ಲೇ ಇರುವ ಗುಣ, ಅದನ್ನು ಸವೆತವೆಂದು ತಿಳಿಯಬಾರದು. ನನ್ನ ವಾಲ್ವನ್ನು ಬದಲಿಸಬೇಕಾಗಿ ಬಂದದ್ದು ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದ ಕಾರಣಕ್ಕೆ.

ಬಿಚ್ಚುವ ಮುನ್ನ ಎರಡೂ ಟೈ ರಾಡ್‌ಗಳ ಉದ್ದವನ್ನು ಗ್ರೀಸ್ ನಿಪ್ಪಲ್‌ಗಳ ನಡುವೆ ಅಳೆದು ಬರೆದುಕೊಂಡೆ. ವಾಲ್ವಿನ ನಾಲ್ಕು ಹೋಸುಗಳಿಗೂ ಬೇರೆ ಬೇರೆ ಬಣ್ಣದ ಟೇಪು ಸುತ್ತಿದೆ. ಸಿಲಿಂಡರಿಗೆ ಹೋಗುವ ಎರಡು ಹೋಸುಗಳು ಅದಲುಬದಲಾದರೆ ಎಣ್ಣೆಯ ಒತ್ತಡ ತಿರುಗುಮುರುಗಾಗಿ, ಎಂಜಿನ್ ಶುರುವಾದ ಕೂಡಲೇ ಚಕ್ರಗಳು ತಾವಾಗಿ ಒಂದು ಕೊನೆಗೆ ಹೊರಳಿಬಿಡುತ್ತವೆ. ಚಕ್ರದ ಬಳಿಯ ಸ್ಟೀರಿಂಗ್ ಆರ್ಮಿನಲ್ಲಿ ಟೈ ರಾಡ್ ಕೂರಿಸಲು ಎರಡೆರಡು ತೂತುಗಳಿರುತ್ತವೆ, ಒಂದು ಸಾಧಾರಣ ಅನುಪಾತಕ್ಕೆ (ಸ್ಟೀರಿಂಗ್ ತಿರುಗಿದಷ್ಟಕ್ಕೆ ಚಕ್ರ ಎಷ್ಟು ಹೊರಳುತ್ತದೆ ಎಂಬ ಲೆಕ್ಕ), ಇನ್ನೊಂದು ಬೇಗ ತಿರುಗುವುದಕ್ಕೆ. ಪವರ್ ಸ್ಟೀರಿಂಗ್ ಇರುವ ನನ್ನ ಕಾರಿನಲ್ಲಿ ಎರಡೂ ಕಡೆ ಮುಂದಿನ ತೂತನ್ನೇ ಬಳಸಿದ್ದರು. ಅದನ್ನೂ ಸುಣ್ಣದ ಕಡ್ಡಿಯಿಂದ ಗುರುತು ಮಾಡಿಟ್ಟೆ.

ಟೈ ರಾಡ್ ಎಂಡಿನ ಶಂಕುವಿನಾಕಾರದ ಸ್ಟಡ್ ಐವತ್ತು ವರ್ಷ ಒಂದೇ ತೂತಿನಲ್ಲಿ ಕೂತಿದ್ದರೆ ನಟ್ ತೆಗೆದ ಮಾತ್ರಕ್ಕೆ ಬರುವುದಿಲ್ಲ. ಕವಲು ಉಳಿಯನ್ನು ಬಡಿದು ನುಗ್ಗಿಸಿದರೆ ಬರುತ್ತದೆ, ಜೊತೆಗೆ ರಬ್ಬರೂ ಹರಿಯುತ್ತದೆ. ಕಾಲೇಜಿನ ರಜೆಯಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಗ್ಯಾರೇಜಿನಲ್ಲಿ ಅಂಬಾಸಿಡರ್ ಕಾರಿನ ಟೈ ರಾಡ್ ಬಿಚ್ಚುವುದನ್ನು ನೋಡುತ್ತಾ ನಿಂತಿದ್ದಾಗ ಅಲ್ಲಿನ ಮೇಸ್ತ್ರಿ ಹೇಳಿದ್ದ ಮಾತು ನೆನಪಾಯಿತು: "ಹೊಡೆದು ಬಿಡಿಸೋದಲ್ಲಪ್ಪಾ, ನಡುಗಿಸಿ ಬಿಡಿಸೋದು." ಆರ್ಮಿನ ಒಂದು ಮಗ್ಗುಲಿಗೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದು ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟಾಗ ಸ್ಟಡ್ ಟಕ್ಕೆಂದು ಕಳಚಿಕೊಂಡಿತು. ನಟ್ಟನ್ನು ಪೂರ್ತಿ ತೆಗೆಯದೆ ಮೂರ್ನಾಲ್ಕು ಸುತ್ತು ಉಳಿಸಿಕೊಂಡರೆ ಸರಳು ಮುಖದ ಮೇಲೆ ಬೀಳುವುದಿಲ್ಲ. ಪಿಟ್‌ಮನ್ ಆರ್ಮ್ ಗಟ್ಟಿಯಾಗಿದ್ದರಿಂದ ಅದರ ತಂಟೆಗೆ ಹೋಗಲಿಲ್ಲ.

ಜೋಡಿಸುವ ಕೆಲಸ ಬೇಗ ಸಾಗಿತು. ಟೈ ರಾಡಿನ ತೋಳಿನಲ್ಲಿ, ಅಂದರೆ ಎರಡು ಎಂಡ್‌ಗಳನ್ನು ಜೋಡಿಸುವ ಕೊಳವೆಯಲ್ಲಿ, ಒಂದು ತುದಿ ಬಲಸುತ್ತಿನ ಥ್ರೆಡ್, ಇನ್ನೊಂದು ತುದಿ ಎಡಸುತ್ತಿನದು. ತೋಳನ್ನು ತಿರುಗಿಸಿದರೆ ಇಡೀ ರಾಡು ಉದ್ದವಾಗುತ್ತದೆ ಇಲ್ಲವೇ ಗಿಡ್ಡವಾಗುತ್ತದೆ. ಎರಡೂ ಎಂಡ್‌ಗಳು ಸಮನಾಗಿ ಒಳಗೆ ಹೋಗಿರುವಂತೆ ನೋಡಿಕೊಂಡು ಹಳೆಯ ಅಳತೆಗೆ ತಂದು ನಿಲ್ಲಿಸಿದೆ. ನಟ್ಟನ್ನು ಕಾರ್ಖಾನೆಯ ಕೈಪಿಡಿ ಹೇಳಿದಷ್ಟು ಬಿಗಿದ ಮೇಲೂ ಸ್ಪ್ಲಿಟ್ ಪಿನ್ನಿನ (ನಟ್ ಸಡಿಲವಾಗದಂತೆ ತಡೆಯುವ ಸೀಳು ಪಿನ್ನು) ತೂತು ಸರಿಹೊಂದದಿದ್ದರೆ ಮತ್ತಷ್ಟು ಬಿಗಿಯಬೇಕೇ ಹೊರತು ಒಂದಿಷ್ಟೂ ಸಡಿಲಿಸಬಾರದು.

ಬಹಳ ಜನ ಬಿಟ್ಟುಬಿಡುವುದು ವಾಲ್ವನ್ನು ಸಮತೋಲಕ್ಕೆ ತರುವ, ಅಂದರೆ ಅದು ಸಿಲಿಂಡರನ್ನು ತಾನಾಗಿ ಯಾವ ಕಡೆಗೂ ದೂಡದಂತೆ ಹೊಂದಿಸುವ ಕೆಲಸವನ್ನು. ನನ್ನ ಪ್ರಕಾರ ಇಡೀ ಕೆಲಸದ ಜೀವ ಅಲ್ಲಿದೆ. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಸಿಲಿಂಡರಿನ ದಂಡವನ್ನು ಚಾಸಿಯ ಬ್ರ್ಯಾಕೆಟ್ಟಿನಿಂದ ಕಳಚಿದೆ. ಹಾಗೆ ಕಳಚದಿದ್ದರೆ ಚಕ್ರಗಳು ಥಟ್ಟನೆ ಹೊರಳಿ ಕೈಗೆ ಪೆಟ್ಟಾಗುತ್ತದೆ. ವಾಲ್ವಿನ ತುದಿಯ ತಗಡಿನ ಮುಚ್ಚಳ ತೆಗೆದಾಗ ಒಳಗೆ ಹೊಂದಿಸುವ ನಟ್ ಕಂಡಿತು. ಎಂಜಿನ್ ಶುರು ಮಾಡಿದಾಗ ದಂಡ ಪೂರ್ತಿ ಒಳಗೇ ಕೂತಿತ್ತು. ನಟ್ಟನ್ನು ಪ್ರದಕ್ಷಿಣೆಯಾಗಿ ಮೆಲ್ಲಗೆ ತಿರುಗಿಸುತ್ತಾ ಹೋದಂತೆ ಒಂದು ಹಂತದಲ್ಲಿ ದಂಡ ಹೊರಗೆ ಜಾರತೊಡಗಿತು. ಅಲ್ಲಿ ನಿಲ್ಲಿಸಿ ಬಣ್ಣದ ಗುರುತು ಹಾಕಿದೆ. ಹಿಂದಕ್ಕೆ ತಿರುಗಿಸಿದಾಗ ಇನ್ನೊಂದು ಹಂತದಲ್ಲಿ ಅದು ಮತ್ತೆ ಒಳಗೆ ಸರಿಯಿತು. ಈ ಎರಡು ಹಂತಗಳ ನಡುವಿನ ತಿರುವನ್ನು ಅಳೆದು ನಟ್ಟನ್ನು ಸರಿಯಾಗಿ ಅರ್ಧದಲ್ಲಿ ನಿಲ್ಲಿಸಿದೆ. ಎಂಜಿನ್ ಆರಿಸಿ, ದಂಡವನ್ನು ಬ್ರ್ಯಾಕೆಟ್ಟಿಗೆ ಸೇರಿಸಿ, ಮತ್ತೆ ಶುರು ಮಾಡಿದಾಗ ಎತ್ತಿದ ಚಕ್ರಗಳು ನೇರವಾಗಿ, ಅಲುಗಾಡದೆ ನಿಂತವು. ಆಮೇಲೆ ನಟ್ಟಿನ ಮೇಲೆ ಗ್ರೀಸ್ ಮೆತ್ತಿ ಮುಚ್ಚಳ ಹಾಕಿದೆ. ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹಲವು ಸಲ ತಿರುಗಿಸಿ ಗಾಳಿ ತೆಗೆದು, ಕಡಿಮೆಯಾದ ಎಣ್ಣೆಯನ್ನು ತುಂಬಿಸಿದೆ.

ಮನೆಯಲ್ಲಿ ದಾರ ಕಟ್ಟಿ ಚಕ್ರಗಳ ಕೋನವನ್ನು ಅಂದಾಜಿಗೆ ತಂದು, ಮರುದಿನ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಹಿಂದಿನ ಚಕ್ರಗಳೂ ಸ್ವತಂತ್ರ ಸಸ್ಪೆನ್ಷನ್ನಿನವು, ಅವುಗಳ ಕೋನ ತಪ್ಪಿದ್ದರೂ ಈ ಕಾರು ಅಲೆಯುತ್ತದೆ. ಮುನ್ನೂರು ಮೈಲಿ ಓಡಿಸಿದ ಮೇಲೆ ಮತ್ತೆ ಕೆಳಗೆ ಮಲಗಿ ನೋಡಿದೆ: ಸ್ಪ್ಲಿಟ್ ಪಿನ್ನುಗಳು ಹಾಕಿದಲ್ಲೇ ಇದ್ದವು, ಐಡ್ಲರ್ ತುದಿ ಪಕ್ಕಕ್ಕಷ್ಟೇ ಸರಿಯುತ್ತಿತ್ತು, ಒಂದು ಹೋಸಿನ ಬುಡದಲ್ಲಿ ಮಾತ್ರ ಎಣ್ಣೆಯ ಪಸೆ ಕಂಡಿದ್ದರಿಂದ ಅದನ್ನು ಕಾಲು ಸುತ್ತು ಬಿಗಿದೆ.