ಹಳೆಯ ಪೈಥಾನ್ ಪ್ರಾಜೆಕ್ಟನ್ನು ಯುವಿಗೆ ಸಾಗಿಸುವ ಬಗೆ

ಮಂಡ್ಯದಲ್ಲಿ ನಾವು ಮೂವರು ನಡೆಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಪ್ರತಿದಿನ ಬೆಳಿಗ್ಗೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ದಾಖಲಿಸಿ, 124.80 ಅಡಿಯ ಪೂರ್ಣಮಟ್ಟಕ್ಕೆ ಇನ್ನೆಷ್ಟು ಬಾಕಿಯಿದೆ ಎಂಬುದನ್ನು ನಾಲೆಬಯಲಿನ ರೈತರಿಗೆ ತಿಳಿಸುತ್ತದೆ. 2024ರ ಜೂನ್‌ನಲ್ಲಿ ಲೆಕ್ಕಾಚಾರದ ಪ್ಯಾಕೇಜ್ (ಇತರರು ಬರೆದ ಸಿದ್ಧ ಕೋಡಿನ ಕಟ್ಟು) ನಂಪೈ 2.0 ಬಿಡುಗಡೆಯಾದ ಬಳಿಕ ನಮ್ಮ ಪ್ರೋಗ್ರಾಮನ್ನು ಹೊಸ ಸರ್ವರ್‌ಗೆ ಹಾಕಿದಾಗ, ಕೋಡಿನ ಒಂದಕ್ಷರವೂ ಬದಲಾಗದಿದ್ದರೂ, ದತ್ತಾಂಶ ಸಂಸ್ಕರಿಸುವ ಪಾಂಡಾಸ್ ಪ್ಯಾಕೇಜ್ ಇಂಪೋರ್ಟ್ ಆಗುವಲ್ಲಿಯೇ ನಿಂತುಹೋಯಿತು. ಬೇಕಾದ ಪ್ಯಾಕೇಜುಗಳನ್ನು ಪಟ್ಟಿ ಮಾಡುವ ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಪಾಂಡಾಸ್ 2.0.3 ಎಂದು ಬರೆದಿದ್ದೆವು. ಅದರ ಬೆನ್ನಿಗೆ ಬರುವ ನಂಪೈಯ ಆವೃತ್ತಿಯನ್ನು ಬರೆದಿರಲಿಲ್ಲ; ಹಾಗಾಗಿ ಅದಕ್ಕೆ ಹೊಂದದ ಹೊಸ ನಂಪೈ ಬಂದು ಕೂತಿತ್ತು. ಮಳೆಗಾಲದಲ್ಲಿ ಎರಡು ದಿನ ರೈತರಿಗೆ ಮಾಹಿತಿ ತಲುಪಲಿಲ್ಲ.

ಇದು ಮರುಕಳಿಸದಂತೆ ನೋಡಿಕೊಳ್ಳಲು ನೆರವಾಗುವುದು ಯುವಿ (uv), ಪೈಥಾನ್ ಪ್ಯಾಕೇಜುಗಳನ್ನು ತಂದು ಅವುಗಳ ಆವೃತ್ತಿಗಳನ್ನು ನಿರ್ವಹಿಸುವ ಸಾಧನ. ಅಂಗಡಿಗೆ ಒಯ್ಯುವ ದಿನಸಿ ಚೀಟಿಯೂ ಅಂಗಡಿಯವನು ಕೊಡುವ ಬಿಲ್ಲೂ ಬೇರೆ ಬೇರೆ. ಪೈಪ್ರಾಜೆಕ್ಟ್.ಟಾಮ್ಲ್ ಕಡತ ಚೀಟಿಯಾದರೆ, ನಿಜವಾಗಿ ಬಂದ ಪ್ರತಿಯೊಂದು ಪ್ಯಾಕೇಜಿನ ಆವೃತ್ತಿಯನ್ನೂ ಹ್ಯಾಶನ್ನೂ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸುವ ಗುರುತು) ಹಿಡಿದಿಡುವ ಯುವಿ.ಲಾಕ್ ಬಿಲ್ಲು.

ಮೊದಲು, ಸರಿಯಾಗಿ ಓಡುತ್ತಿರುವ ಹಳೆಯ ಸರ್ವರ್‌ನಲ್ಲೇ ಹಾಕಿರುವ ಪ್ಯಾಕೇಜುಗಳನ್ನು ಆವೃತ್ತಿಸಹಿತ ಪಟ್ಟಿ ಮಾಡುವ ‘ಪಿಪ್ ಫ್ರೀಜ್’ ಆದೇಶ ಕೊಟ್ಟು, ಅದರ ಫಲಿತಾಂಶವನ್ನು ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿಯಲ್ಲಿ ಉಳಿಸಿ. ನಂತರ ಕೋಡಿನ ಇಂಪೋರ್ಟ್ ಸಾಲುಗಳನ್ನು ಓದಿ, ನೀವು ನೇರವಾಗಿ ಬಳಸುವ ಪ್ಯಾಕೇಜುಗಳ ಹೆಸರನ್ನಷ್ಟೇ, ಆವೃತ್ತಿಯಿಲ್ಲದೆ, ರಿಕ್ವೈರ್‌ಮೆಂಟ್ಸ್.ಇನ್ ಕಡತದಲ್ಲಿ ಬರೆಯಿರಿ. ಇಲ್ಲಿ ಅವಸರ ಸಲ್ಲದು. ಯುಆರ್‌ಎಲ್‌ಲಿಬ್3, ಸರ್ಟಿಫೈ, ಐಡಿಎನ್‌ಎ ಇವೆಲ್ಲ ರಿಕ್ವೆಸ್ಟ್ಸ್ ಜೊತೆಗೆ ಬಂದವು. ಸಿಕ್ಸ್ ಎಂಬುದು ಪಾಂಡಾಸ್ ಕರೆತಂದ ಡೇಟ್‌ಯುಟಿಲ್‌ನ ಹಿಂದೆ ಬಂದದ್ದು. ಕೊನೆಗೆ ನಮ್ಮದೆಂದು ಉಳಿದವು ಮೂರೇ: ಪಾಂಡಾಸ್, ರಿಕ್ವೆಸ್ಟ್ಸ್, ಮ್ಯಾಟ್‌ಪ್ಲಾಟ್‌ಲಿಬ್. ಇಂಪೋರ್ಟ್ ಹೆಸರೂ ಪ್ಯಾಕೇಜಿನ ಹೆಸರೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಯಾಮಲ್ ಎಂದು ಇಂಪೋರ್ಟ್ ಮಾಡುವುದರ ಪ್ಯಾಕೇಜ್ ಪೈಯಾಮಲ್.

ಬಳಿಕ ‘ಯುವಿ ಇನಿಟ್ --ಬೇರ್ --ಪೈಥಾನ್ 3.11’ ಕೊಟ್ಟು, ‘ಯುವಿ ಪೈಥಾನ್ ಪಿನ್ 3.11’ ಸಹ ಕೊಡಿ. ಹಳೆಯ ಸರ್ವರ್‌ನಲ್ಲಿರುವ ಪೈಥಾನ್ ಆವೃತ್ತಿಯನ್ನೇ ಇಲ್ಲಿ ಹೇಳಬೇಕು, ಏಕೆಂದರೆ ಪಾಂಡಾಸ್ 2.0.3ಕ್ಕೆ ಪೈಥಾನ್ 3.12ರ ಸಿದ್ಧ ವೀಲ್ (ಕಂಪೈಲ್ ಮಾಡದೆ ಹಾಕಬಹುದಾದ ಕಟ್ಟು) ಇಲ್ಲ. ಮುಂದಿನ ಆದೇಶ ‘ಯುವಿ ಆ್ಯಡ್ -ಆರ್ ರಿಕ್ವೈರ್‌ಮೆಂಟ್ಸ್.ಇನ್ -ಸಿ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’. ಇದರಲ್ಲಿ ಹಳೆಯ ಆವೃತ್ತಿಗಳಿಗೇ ಕಟ್ಟಿಹಾಕುವ ‘-ಸಿ’ ಭಾಗವನ್ನು ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ಯುವಿ ಹೊಂದಿಕೆಯಾಗುವ ಇತ್ತೀಚಿನ ಆವೃತ್ತಿಗಳನ್ನು ಆರಿಸುತ್ತದೆ. ಸಾಧನವೂ ಆವೃತ್ತಿಗಳೂ ಒಂದೇ ದಿನ ಬದಲಾದರೆ, ತಪ್ಪು ಎಲ್ಲಿಂದ ಹುಟ್ಟಿತೆಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಪೈಟೆಸ್ಟ್‌ನಂಥ, ಕೋಡನ್ನು ಪರೀಕ್ಷಿಸಲಷ್ಟೇ ಬೇಕಾದ ಪ್ಯಾಕೇಜುಗಳನ್ನು ‘ಯುವಿ ಆ್ಯಡ್ --ಡೆವ್’ ಮೂಲಕ ಸೇರಿಸಿ. ಪೈಪ್ರಾಜೆಕ್ಟ್.ಟಾಮ್ಲ್, ಯುವಿ.ಲಾಕ್ ಎರಡೂ ಕಡತಗಳನ್ನು ಗಿಟ್‌ಗೆ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ) ಹಾಕಿ, ಸರ್ವರ್‌ನಲ್ಲಿ ‘ಯುವಿ ಸಿಂಕ್ --ಲಾಕ್ಡ್ --ನೋ-ಡೆವ್’ ನಡೆಸಿ. ಚೀಟಿಗೂ ಬಿಲ್ಲಿಗೂ ತಾಳೆಯಾಗದಿದ್ದರೆ ಅದು ಮುಂದುವರಿಯದೆ ಅಲ್ಲೇ ದೋಷ ತೋರಿಸುತ್ತದೆ.

ಆವೃತ್ತಿಗಳನ್ನು ಏರಿಸುವ ಕೆಲಸ ಇದಾದ ನಂತರದ್ದು, ಅದೂ ಒಂದೊಂದಾಗಿ. ‘ಯುವಿ ಲಾಕ್ --ಅಪ್‌ಗ್ರೇಡ್-ಪ್ಯಾಕೇಜ್ ಪಾಂಡಾಸ್’ ಕೊಟ್ಟು, ಬದಲಾದ ಸಾಲುಗಳನ್ನು ತೋರಿಸುವ ಗಿಟ್ ಡಿಫ್‌ನಲ್ಲಿ ನಂಪೈಯ ಸಾಲೂ ಬದಲಾಗಿದೆಯೇ ಎಂದು ನೋಡಿ, ಹಳೆಯ ಒಂದು ತಿಂಗಳ ಮಟ್ಟದ ದಾಖಲೆಗಳ ಮೇಲೆ ಪ್ರೋಗ್ರಾಂ ಓಡಿಸಿ ಅಂಕಿಗಳು ತಾಳೆಯಾದ ಮೇಲಷ್ಟೇ ಸರ್ವರ್‌ಗೆ ಕಳಿಸಿ.